ಅಗಸಿಯಲ್ಲಿ ನಿಂತುಹೋದ ಪಾಠ

ದೀಪಾವಳಿ ರಜೆ ಮುಗಿದು ಶಾಲೆ ಮತ್ತೆ ಶುರುವಾದ ಎರಡನೇ ವಾರಕ್ಕೆ ಬೆಂಗೇರಿಯ ನಮ್ಮ ಹೈಸ್ಕೂಲಿಗೆ ಬಿ.ಎಡ್. ಓದುವವರು ಬರುತ್ತಾರೆ. ಹೆಚ್ಚಿನವರು ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಇರುವವರು. ಬೆಳಿಗ್ಗೆ ಚಿಗರಿ ಬಸ್ಸು ಹತ್ತಿ, ನಡುವೆ ಇಳಿದು ಇನ್ನೊಂದು ಬಸ್ಸು ಹಿಡಿದು, ಸುತ್ತಿದ ಚಾರ್ಟು ಎಲ್ಲಿ ಮಡಿಕೆ ಬಿದ್ದೀತೋ ಎಂದು ಕೂಸಿನ ಹಾಗೆ ಎತ್ತಿಕೊಂಡು ಬರುತ್ತಾರೆ. ಅವರು ಪಾಠ ಮಾಡುವಾಗ ಆಯಾ ವಿಷಯದ ಶಿಕ್ಷಕರು ಕೊನೆಯ ಬೆಂಚಿನಲ್ಲಿ ಕೂತು ವೀಕ್ಷಣಾ ಪುಸ್ತಕ ತುಂಬಬೇಕು. ಪೀಠಿಕೆ ಹೇಗಿತ್ತು, ಧ್ವನಿ ಹಿಂದಿನವರೆಗೆ ಕೇಳಿತೇ, ಹಲಗೆಯನ್ನು ಹೇಗೆ ಬಳಸಿದರು, ನಲವತ್ತು ನಿಮಿಷದಲ್ಲಿ ಮುಗಿಸಿದರೇ. ಒಂದೊಂದಕ್ಕೂ ಒಂದೊಂದು ಮನೆ, ಒಂದೊಂದು ಅಂಕ. ಕೊನೆಗೆ ಎರಡು ಸಾಲಿನ ಅಭಿಪ್ರಾಯ, ಕೆಳಗೆ ಸಹಿ.

ಸಮಾಜ ವಿಜ್ಞಾನಕ್ಕೆ ನಾನು. ಆ ಬೆಂಚಿನಲ್ಲಿ ಕೂತು ಕೂತು ನನಗೆ ಒಂದು ರೂಢಿ ಬಿದ್ದಿತ್ತು. ಪಾಠ ಕೇಳುವುದಕ್ಕಿಂತ ಮನೆಗಳನ್ನು ತುಂಬುವುದರ ಕಡೆಗೇ ನನ್ನ ಲಕ್ಷ್ಯ. ತುಂಬಿ ಮುಗಿಸಿದರೆ ಕಿರುಪರೀಕ್ಷೆಯ ಹಾಳೆ ನಾಲ್ಕಾದರೂ ತಿದ್ದಬಹುದಲ್ಲ ಎಂಬ ಆಸೆ.

ಆರು ವರ್ಷದ ಹಿಂದೆ ಬಂದವರಲ್ಲಿ ಒಬ್ಬ ಹುಡುಗಿ ಇದ್ದಳು. ಸಣ್ಣ ಆಳು. ಹಲಗೆಯ ಮೇಲ್ತುದಿಯಲ್ಲಿ ದಿನಾಂಕ ಬರೆಯಲು ಹಿಮ್ಮಡ ಎತ್ತಬೇಕಾಗುತ್ತಿತ್ತು. ಸೀರೆ ಉಟ್ಟು ರೂಢಿಯಿಲ್ಲ, ಹಾಗಾಗಿ ಹೆಗಲಿನಿಂದ ಟೊಂಕದವರೆಗೆ ಪಿನ್ನೇ ಪಿನ್ನು. ಅವಳ ಪಾಲಿಗೆ ಬಂದ ಪಾಠ, ನಲವತ್ತೆರಡರ ಚಳವಳಿಯಲ್ಲಿ ಒಂದು ಹಳ್ಳಿ ತಾನು ಸ್ವತಂತ್ರ ಎಂದು ಸಾರಿಕೊಂಡು ಕೆಲವು ದಿನ ತನ್ನದೇ ಸರಕಾರ ನಡೆಸಿದ್ದು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಹುಡುಗಿ ಯಾರೆಂದು ಗೊತ್ತಾಗಿಬಿಡುತ್ತದೆ.

ಆ ಪಾಠವನ್ನು ನಾನು ಅಷ್ಟು ವರ್ಷ ಐದು ಅಂಶಗಳಲ್ಲಿ ಮುಗಿಸುತ್ತಿದ್ದೆ. ಹಿನ್ನೆಲೆ, ಘೋಷಣೆ, ಆಡಳಿತ, ದಮನ, ಪರಿಣಾಮ. ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೆಯೇ ಇಳಿಸುತ್ತಿದ್ದರು. ಒಬ್ಬರೂ ಎದ್ದು ಒಂದು ಪ್ರಶ್ನೆ ಕೇಳಿದ್ದಿಲ್ಲ. ಅದನ್ನು ನಾನು ಪಾಠ ಚೆನ್ನಾಗಿ ತಿಳಿದಿದೆ ಎಂದೇ ಅರ್ಥಮಾಡಿಕೊಂಡಿದ್ದೆ.

ಆ ಹುಡುಗಿ ಚಾರ್ಟನ್ನು ಬಿಚ್ಚಲೇ ಇಲ್ಲ. ಹತ್ತನೇ ಇಯತ್ತೆಯ ಆ ಮಕ್ಕಳನ್ನು ನೋಡಿ, ನಾಗರಪಂಚಮಿಗೆ ನಿಮ್ಮ ನಿಮ್ಮ ಮನೆಗೆ ಯಾರ್ಯಾರು ಬರುತ್ತಾರೆ ಎಂದು ಕೇಳಿದಳು. ಅತ್ತಿ ಬರ್ತಾಳ್ರಿ, ಅಕ್ಕ ಬರ್ತಾಳ್ರಿ ಎಂದು ತರಗತಿ ಎಚ್ಚೆತ್ತಿತು. ಒಬ್ಬ ಹುಡುಗ ತನ್ನ ಅಕ್ಕ ಬಂದರೆ ಹೋಗುವುದೇ ಇಲ್ಲ, ಉಂಡಿ ಡಬ್ಬಿ ಖಾಲಿಯಾಗುವವರೆಗೆ ಇರುತ್ತಾಳೆ ಎಂದ. ಎಲ್ಲರೂ ನಕ್ಕರು. ಕರೆಯಲು ಹೋಗುವವರು ಯಾರು ಎಂದಳು. ಅಣ್ಣತಮ್ಮ ಎಂದರು.

ಹಾಗಾದರೆ ಕೇಳಿರಿ ಎಂದು ಅವಳು ಹೇಳತೊಡಗಿದಳು. ಅವಳ ಅಜ್ಜಿಯ ಅವ್ವ ಆ ಹಳ್ಳಿಯ ಗಂಡನ ಮನೆಗೆ ಹೊಸದಾಗಿ ನಡೆಯಲು ಬಂದ ಸೊಸೆ. ಆ ಸೊಸೆಯ ಅಣ್ಣ ತಾಲೂಕಿನಲ್ಲಿ ಪೊಲೀಸು. ಆ ವರ್ಷ ಎಲ್ಲೆಲ್ಲೂ ಗದ್ದಲ, ಪೊಲೀಸರಿಗೆ ರಜೆ ಬಂದ್. ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರಲಿಲ್ಲ. ಸೊಸೆ ಗಂಟು ಕಟ್ಟಿಟ್ಟುಕೊಂಡು ಹಬ್ಬದ ದಿನವೆಲ್ಲ ಬಾಗಿಲಲ್ಲಿ ಕೂತಿದ್ದಳಂತೆ. ಹಬ್ಬ ಮುಗಿದ ಮೇಲೆ ಹಳ್ಳಿ ಸ್ವತಂತ್ರವಾಯಿತು. ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕೂರುತ್ತಿದ್ದವನೊಬ್ಬ ಮಾಮಲೇದಾರನಾದ, ಗರಡಿಮನೆಯ ಪೈಲ್ವಾನ ಫೌಜದಾರನಾದ. ಊರ ಬಾಗಿಲಾದ ಅಗಸಿಗೆ ಕಾವಲು ಬಿತ್ತು. ಬಿಳಿ ಟೊಪ್ಪಿಗೆ ಹಾಕದವರಿಗೆ ಒಳಗೆ ಪ್ರವೇಶವಿಲ್ಲ, ಚೀಟಿಯಿಲ್ಲದೆ ಒಳಗಿನವರು ಹೊರಗೆ ಹೋಗುವಂತಿಲ್ಲ. ಅದು ಹೊಸ ಸರಕಾರದ ಮೊದಲ ಕಾಯಿದೆ.

ಮೂರನೇ ದಿನವೋ ನಾಲ್ಕನೇ ದಿನವೋ ಅಣ್ಣ ಬಂದ. ಪೊಲೀಸು ಟೊಪ್ಪಿಗೆ ತಲೆಯ ಮೇಲೇ ಇತ್ತು. ತಂಗಿಯನ್ನು ಕರೆಯಲು ಬಂದಿದ್ದೇನೆ ಎಂದ. ಟೊಪ್ಪಿಗೆ ಬದಲಿಸಿ ಒಳಗೆ ಬಾ ಎಂದರು. ಬದಲಿಸಿದರೆ ನೌಕರಿ ಹೋಗುತ್ತದೆ ಎಂದು ಅವನು ಅಗಸಿಯ ಹೊರಗೇ ನಿಂತ. ಸೊಸೆ ಒಳಗೆ. ಆಗ ಊರವರು ಚಾವಡಿಯಲ್ಲಿ ಸೇರಿದರು. ಪೊಲೀಸನ ಸಂಗಡ ಕಳಿಸಿದರೆ ಒಳಗಿನ ಸುದ್ದಿಯೆಲ್ಲ ತಾಲೂಕಿಗೆ ಮುಟ್ಟುತ್ತದೆ ಎಂದು ಕೆಲವರು. ಹೆಣ್ಣುಮಗಳನ್ನು ತವರಿಗೆ ಕಳಿಸದ ಸರಕಾರ ಎಂಥ ಸರಕಾರ ಎಂದು ಕೆಲವರು. ಕೈ ಎತ್ತಿಸಿದರು. ಕಳಿಸಬೇಕು ಎನ್ನುವವರೇ ಹೆಚ್ಚಾದರು. ಮಗ್ಗದ ಮಾಮಲೇದಾರ ತನ್ನ ಕೈಯಾರೆ ಚೀಟಿ ಬರೆದುಕೊಟ್ಟ.

“ರಾಜ ಇಲ್ಲ, ಸಾಹೇಬ ಇಲ್ಲ, ಊರ ಮಂದಿನ ಕೂತು ಕೈ ಎತ್ತಿದ್ರು. ಇದಕ್ಕ ಏನಂತಾರ?” ಎಂದು ಕೇಳಿ, ಹಲಗೆಯ ಮೇಲೆ ‘ಗಣರಾಜ್ಯ’ ಎಂದು ದೊಡ್ಡದಾಗಿ ಬರೆದಳು.

ನಾನು ನನ್ನ ಪುಸ್ತಕದಲ್ಲಿ, ಪಠ್ಯದಲ್ಲಿರುವುದು ‘ಸ್ವತಂತ್ರ ಸರಕಾರ’, ‘ಗಣರಾಜ್ಯ’ ಅಲ್ಲ ಎಂದು ಗುರುತು ಹಾಕಿದೆ.

ಸೊಸೆ ಗಂಟು ಹಿಡಿದು ಅಗಸಿಗೆ ಬಂದಳು. ಕೈಯಲ್ಲಿ ಚೀಟಿ. ಆ ಕಡೆ ಅಣ್ಣ, ಈ ಕಡೆ ಗಂಡನ ಊರು. ಹೋಗಲು ಅಪ್ಪಣೆಯಿದೆ, ಆದರೆ ಮರಳಿ ಬರಲು ಚೀಟಿ ಯಾರೂ ಕೊಟ್ಟಿಲ್ಲ. ದೂರದಲ್ಲಿ ಲಾರಿಗಳ ಸಪ್ಪಳ ಕೇಳಿಸುತ್ತಿತ್ತು, ಪೊಲೀಸರೋ ಸೈನ್ಯವೋ ಬರುತ್ತಿದ್ದ ಲಾರಿಗಳು.

ಅಲ್ಲಿಗೆ ಗಂಟೆ ಬಾರಿಸಿತು.

ತರಗತಿಯಲ್ಲಿ ಯಾರೂ ಏಳಲಿಲ್ಲ. ಹೊರಗೆ ಊಟದ ತಟ್ಟೆಗಳ ಸದ್ದು ಆಗಲೇ ಶುರುವಾಗಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು “ಆಕಿ ಹೋದಳೇನ್ರಿ ಟೀಚರ್?” ಎಂದು ಕೇಳಿದಳು. ಉಳಿದದ್ದನ್ನು ಸೋಮವಾರ ಹೇಳುತ್ತೇನೆ ಎಂದು ಪಾಠ ಮಾಡುತ್ತಿದ್ದವಳು ಸೀಮೆಸುಣ್ಣದ ಕೈ ಒರೆಸಿಕೊಂಡಳು.

ನಾನು ಮನೆಗಳನ್ನು ತುಂಬಿದೆ. ಪಾಠೋಪಕರಣ ಬಳಸಿಲ್ಲ, ಸೊನ್ನೆ. ಸಾರಾಂಶ ಬರೆದಿಲ್ಲ, ಸೊನ್ನೆ. ಸಮಯಪಾಲನೆ ಇಲ್ಲ. ಕೆಳಗೆ, ‘ಕಥೆಯಲ್ಲಿ ವಿಷಯ ಕಳೆದುಹೋಗಿದೆ. ಮನೆಯ ಸಂಗತಿಗಳನ್ನು ಪಾಠಕ್ಕೆ ತರಬಾರದು. ಮರುಪಾಠ ಮಾಡಬೇಕು’ ಎಂದು ಬರೆದು ಸಹಿ ಹಾಕಿದೆ. ನನ್ನ ಅಕ್ಷರಗಳು ನೀಟಾಗಿದ್ದವು.

ಸ್ಟಾಫ್ ರೂಮಿಗೆ ಬಂದು ಅವಳು ಅದನ್ನು ನಿಂತೇ ಓದಿದಳು. ನಾನು ಡಬ್ಬಿ ಬಿಚ್ಚಿ ಅವಳಿಗೆ ರೊಟ್ಟಿ, ಪುಂಡಿಪಲ್ಲೆ ಕೊಟ್ಟೆ. ಬೇಡ ಎನ್ನದೆ ತೆಗೆದುಕೊಂಡಳು, ತಿನ್ನಲಿಲ್ಲ.

“ಸೋಮವಾರ ಒಂದ ಪಿರಿಯಡ್ ಕೊಡ್ರಿ ಮೇಡಂ. ಅದಕ್ಕ ಅಂಕ ಬ್ಯಾಡ್ರಿ. ಹುಡುಗರಿಗೆ ಹೇಳ್ತೇನಿ ಅಂದೇನಿ.”

ನಾನು ಕೊಡಲಿಲ್ಲ. ಪೋರ್ಶನ್ ಹಿಂದೆ ಬಿದ್ದಿದೆ ಎಂದೆ. ಅದು ಖರೇ, ಹಿಂದೆ ಬಿದ್ದಿತ್ತು. ಆದರೆ ಖರೇ ಇನ್ನೊಂದು ಇತ್ತು. ನನ್ನ ಐದು ಅಂಶಗಳಿಗೆ ಅಷ್ಟು ವರ್ಷ ಕೈ ಎತ್ತದ ಮಕ್ಕಳು ಇವಳಿಗೆ ಊಟದ ಗಂಟೆ ಬಾರಿಸಿದರೂ ಏಳದೆ ಕೂತಿದ್ದರು. ಅದು ನನಗೆ ಚುಚ್ಚಿತ್ತು. ಆಗ ಅದನ್ನು ನಾನು ಶಿಸ್ತು ಎಂದು ಕರೆದುಕೊಂಡೆ.

ಮರುಪಾಠ ಬೇರೆ ವಿಭಾಗದಲ್ಲಿ ಆಗಬೇಕೆಂಬುದು ಪದ್ಧತಿ, ಮಕ್ಕಳಿಗೆ ಹೊಸ ಪಾಠವಾಗಿರಲಿ ಎಂದು. ಸೋಮವಾರ ಅವಳು ‘ಬಿ’ ವಿಭಾಗದಲ್ಲಿ ಅದೇ ಪಾಠ ಮಾಡಿದಳು. ಚಾರ್ಟು ತೂಗುಹಾಕಿದಳು. ಹಿನ್ನೆಲೆ, ಘೋಷಣೆ, ಆಡಳಿತ, ದಮನ, ಪರಿಣಾಮ. ಪ್ರತಿ ಅಂಶಕ್ಕೆ ಒಂದು ಪ್ರಶ್ನೆ, ಮೂಲೆಯಲ್ಲಿ ಸಾರಾಂಶ, ಮನೆಗೆಲಸ, ಮೂವತ್ತೊಂಬತ್ತು ನಿಮಿಷ. ನಡುವೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನು ಕೈತುಂಬ ಅಂಕ ಕೊಟ್ಟೆ. ‘ಉತ್ತಮ ಸುಧಾರಣೆ’ ಎಂದು ಬರೆದೆ. ಅವಳು ಥ್ಯಾಂಕ್ಸ್ ರಿ ಮೇಡಂ ಎಂದಳು. ಆ ತಿಂಗಳ ಕೊನೆಗೆ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡು, ನಮಗೆಲ್ಲ ಒಂದೊಂದು ಪೆನ್ನು ಕೊಟ್ಟು ಹೋದರು.

ಕಥೆ ಅರ್ಧ ಕೇಳಿದ್ದ ‘ಎ’ ವಿಭಾಗದವರು ಮಾತ್ರ ಬಿಡಲಿಲ್ಲ. ನಾನು ಒಳಗೆ ಕಾಲಿಟ್ಟರೆ ಅದೇ ಪ್ರಶ್ನೆ. ಅದು ಪರೀಕ್ಷೆಗೆ ಬರುವುದಿಲ್ಲ ಎಂದೆ. ಎರಡು ದಿನದ ನಂತರ ನಾನು ಹೋಗುವಷ್ಟರಲ್ಲಿ ಒಬ್ಬ ಹುಡುಗ ಮೇಜಿನ ಬಳಿ ನಿಂತು ಕೈ ಎಣಿಸುತ್ತಿದ್ದ. ಏನೋ ಅದು ಎಂದರೆ, “ಓಟಿಂಗ್ ರಿ ಟೀಚರ್. ಹೋಗ್ಲಿಲ್ಲ ಅನ್ನಾವ್ರು ಗೆದ್ದಾರ್ರಿ” ಎಂದ. ಹಿಂದಿನಿಂದ ಒಬ್ಬಳು, ಹುಡುಗರು ಎರಡೆರಡು ಕೈ ಎತ್ತಿದ್ದಾರೆ, ಲೆಕ್ಕ ಸುಳ್ಳು ಎಂದು ಜಗಳಕ್ಕೆ ಬಂದಳು. ನಾನು ಅವರನ್ನು ಕೂರಿಸಿ ಮುಂದಿನ ಪಾಠ ತೆಗೆಸಿದೆ.

ಮುಂದಿನ ವರ್ಷ ಆ ಪಾಠ ಬಂದಾಗ ನನ್ನ ಬಾಯಿಂದ ಹಿನ್ನೆಲೆ ಎಂಬ ಶಬ್ದ ಹೊರಡಲಿಲ್ಲ. ಪಂಚಮಿಗೆ ಯಾರು ಬರುತ್ತಾರೆ ಎಂದು ಕೇಳಿಬಿಟ್ಟೆ. ಅವಳು ಹೇಳಿದ್ದನ್ನೇ ಹೇಳಿದೆ. ಮಗ್ಗ, ಪೈಲ್ವಾನ, ಟೊಪ್ಪಿಗೆ, ಚೀಟಿ, ಎಲ್ಲ ನೆನಪಿತ್ತು. ಹಲಗೆಯ ಮೇಲೆ ‘ಗಣರಾಜ್ಯ’ ಎಂದು ಬರೆದೆ. ಅಗಸಿಯವರೆಗೆ ಹೋಗಿ ನಿಂತೆ. ಮುಂದೇನಾಯಿತು ಎಂದು ಮಕ್ಕಳು ಕೇಳಿದರು. ಗೊತ್ತಿಲ್ಲ ಎಂದೆ. ಅದರ ಮುಂದಿನ ವರ್ಷವೂ ಅಷ್ಟೇ. ಪ್ರತಿ ವರ್ಷ ಒಂದು ಹೊಸ ತರಗತಿಯನ್ನು ಆ ಅಗಸಿಯವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಿದ್ದೆ. ನಾನೇ ಒಂದು ಕೊನೆ ಕಟ್ಟಿ ಹೇಳಬಹುದಿತ್ತು. ಬೇರೆಯವರ ಅಜ್ಜಿಯ ಅವ್ವನನ್ನು ನನ್ನ ಮನಸ್ಸಿಗೆ ಬಂದಂತೆ ನಡೆಸಲು ಧೈರ್ಯವಾಗಲಿಲ್ಲ.

ಕಳೆದ ವರ್ಷ ಅವಳ ನಂಬರು ಹುಡುಕಿದೆ. ಅವಳ ಜೊತೆ ಬಂದಿದ್ದವನೊಬ್ಬ ಈಗ ಬೈರಿದೇವರಕೊಪ್ಪದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಟ್ಯೂಷನ್ ನಡೆಸುತ್ತಾನೆ. ಅವನಿಂದ ಸಿಕ್ಕಿತು. ಅವಳು ಶಿಕ್ಷಕಿಯಾಗಿಲ್ಲ, ಪರೀಕ್ಷೆ ಬರೆದು ದೂರದ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಾಳೆ ಎಂದ. ಒಂದು ಭಾನುವಾರ, ಬಟ್ಟೆ ಒಣಹಾಕಿ ಬಂದು, ಫೋನು ಮಾಡಿದೆ. ಅವಳಿಗೆ ನನ್ನ ಗುರುತು ಕೂಡಲೇ ಹತ್ತಿತು. ಮನೆಯವರೆಲ್ಲ ಆರಾಮ ಇದ್ದಾರೆಯೇ, ಮೊಣಕಾಲು ನೋವು ಹೇಗಿದೆ ಎಂದು ಅವಳೇ ಕೇಳಿದಳು. ಆಗ ನನಗೆ ಮೊಣಕಾಲು ನೋಯುತ್ತಿದ್ದದ್ದೂ ಅವಳಿಗೆ ನೆನಪಿತ್ತು. ಆಮೇಲೆ ನಾನು ವಿಷಯ ತೆಗೆದೆ. ನಿನ್ನ ಅಜ್ಜಿಯ ಅವ್ವ ಅವತ್ತು ಅಣ್ಣನ ಸಂಗಡ ಹೋದಳೇ, ಇಲ್ಲವೇ?



“ನನಗೂ ಗೊತ್ತಿಲ್ರಿ ಮೇಡಂ. ಅಜ್ಜಿ ಅಷ್ಟರತನಾ ಹೇಳಿದ್ಲು. ಆಕಿಗೆ ದಮ್ಮು, ಒಮ್ಮೆಲೆ ಎಲ್ಲಾ ಹೇಳಾಕ ಆಗ್ತಿರ್ಲಿಲ್ಲ. ಶನಿವಾರ ಊರಿಗೆ ಹೋಗಿ ಉಳಿದದ್ದ ಕೇಳ್ಕೊಂಡ ಬರಾಕಿ ಇದ್ದೆ. ಅದಕ್ಕ ಸೋಮವಾರ ಪಿರಿಯಡ್ ಕೇಳಿದ್ದೆರಿ.”

ಆ ಶನಿವಾರ ಅವಳು ಊರಿಗೆ ಹೋಗಲಿಲ್ಲ. ಸಪ್ತಾಪುರದ ಖೋಲಿಯಲ್ಲಿ ಕೂತು ಮರುಪಾಠದ ಚಾರ್ಟು ಬರೆದಳು. ಆಮೇಲೆ ಪರೀಕ್ಷೆ ಬಂತು. ಆ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ತಂದೆಯನ್ನು ಕೇಳಿದರೆ ಹೋಗಿರಬೇಕು ಎಂದನಂತೆ, ಕಾಕಾನನ್ನು ಕೇಳಿದರೆ ಎಲ್ಲಿ ಹೋದಾಳು ಎಂದನಂತೆ. ಗಂಡಸರಿಗೆ ಆ ಕಥೆ ಯಾರೂ ಪೂರ್ತಿ ಹೇಳಿರಲಿಲ್ಲ.

ತಪ್ಪು ನನ್ನದು ಎಂದೆ. ಅವಳು ಹಾಗೇನಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. “ಇರ್ಲಿ ಬಿಡ್ರಿ ಮೇಡಂ. ಈ ಕಡೆ ಬಂದ್ರ ಮನಿಗೆ ಬರ್ರಿ” ಎಂದಳು. ಫೋನಿಟ್ಟ ಮೇಲೆ ಅಡಿಗೆಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೋ ನನಗೆ ತಿಳಿಯಲಿಲ್ಲ. ಅನ್ನ ಮುದ್ದೆಯಾಗಿತ್ತು. ಎಲ್ಲರೂ ಅದನ್ನೇ ಉಂಡರು.

ಈ ವರ್ಷದ ಪಾಠ ಹೋದ ತಿಂಗಳು ಆಯಿತು. ಅಗಸಿಗೆ ಬಂದು ನಿಂತೆ. ಮುಂದ ಏನ ಆತ್ರಿ ಎಂದು ಕೇಳಿದರು. ಗೊತ್ತಿಲ್ಲ ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳಲು ಈ ಸಲ ಆಗಲಿಲ್ಲ. ಸೊಸೆಯ ಮಗಳಿಗೆ ಗೊತ್ತಿತ್ತು, ಅವಳನ್ನು ಕೇಳಲು ಹೊರಟಿದ್ದ ಮೊಮ್ಮಗಳನ್ನು ನಾನೇ ನಿಲ್ಲಿಸಿದೆ, ಈಗ ಯಾರಿಗೂ ಗೊತ್ತಿಲ್ಲ ಎಂದೆ.

ಕಿಟಕಿಯ ಬದಿಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಯಾಕ ನಿಲ್ಲಿಸಿದ್ರಿ ಟೀಚರ್?”

ಬೈಗುಳವಲ್ಲ, ತಿಳಿದುಕೊಳ್ಳಲು ಕೇಳಿದ್ದು. ಆರು ವರ್ಷದ ಹಿಂದೆ ಆ ಬಿ.ಎಡ್. ಹುಡುಗಿಯ ಪಾಠ ನನಗೆ ಚುಚ್ಚಿದ್ದು, ನಾನು ಅದಕ್ಕೆ ಶಿಸ್ತು ಎಂದು ಹೆಸರಿಟ್ಟದ್ದು, ಎಲ್ಲ ಬಾಯಿಯವರೆಗೆ ಬಂತು. ಹದಿನೈದು ವರ್ಷದ ಮಕ್ಕಳ ಮುಂದೆ ಹೇಳಲಾಗಲಿಲ್ಲ. ಪೋರ್ಶನ್ ಮುಗಿಸಬೇಕಿತ್ತು ಎಂದೆ.

ಅವಳು ಹೌದೆಂಬಂತೆ ತಲೆಯಾಡಿಸಿ ಕೂತಳು. ಉಳಿದವರೂ ತಲೆಯಾಡಿಸಿದರು. ಅವರಿಗೆ ಅದು ಸಾಕಷ್ಟು ದೊಡ್ಡ ಕಾರಣವೆನಿಸಿತ್ತು. ಯಾರೂ ಮತ್ತೆ ಕೇಳಲಿಲ್ಲ. ನೋಟ್‌ಬುಕ್ಕು ತೆಗೆದು, ನಾನು ಏನು ಬರೆಸುತ್ತೇನೋ ಎಂದು ಪೆನ್ನು ಹಿಡಿದು ಕಾದರು.