ಗುರ್ತ ಆಯ್ತಾ?

ಬಸಳೆ ದಂಟನ್ನು ಬೆರಳುದ್ದಕ್ಕೆ ಮುರಿದು ಬಟ್ಟಲಿಗೆ ಹಾಕುತ್ತಿದ್ದಾಗ ಊರಿನಿಂದ ತಮ್ಮನ ಫೋನ್ ಬಂತು.

"ಅಕ್ಕ, ಮಗಳಿಗೆ ಸೀಟ್ ಆಯ್ತು. ಮಂಗಳೂರಲ್ಲೇ, ಫಿಸಿಯೋಥೆರಪಿ. ಹಾಸ್ಟೆಲೂ ಉಂಟು. ಇವತ್ತು ಸಂಜೆಯೊಳಗೆ ಬರ್ತೇವಾ ಇಲ್ವಾ ಹೇಳ್ಬೇಕಂತೆ."

ಬಸಳೆಯ ಲೋಳೆ ಹತ್ತಿದ ಕೈಯಲ್ಲೇ ದೇವರ ಫೋಟೋಕ್ಕೆ ಮುಗಿದೆ. ಕುವೈಟಿನ ಖೈತಾನ್‌ನಲ್ಲಿರುವ ಈ ಎರಡು ಕೋಣೆಯ ಫ್ಲ್ಯಾಟಿನಲ್ಲೇ ಹುಟ್ಟಿ ಬೆಳೆದ ಮಗಳಿಗೆ ವಿಷಯ ಹೇಳಿದರೆ, ಅವಳು "ಓಕೆ" ಎಂದಳು, ಅಷ್ಟೆ. ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ದಿನಕ್ಕೆ ಒಂದಾದರೂ ದೇವರ ಉಪಕಾರ ನೆನೆಯದೆ ನಾನು ದೀಪ ಹಚ್ಚುವವಳಲ್ಲ. ಅವತ್ತಿನದು, ಅವಳು ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ ಎಂಬುದು.

ಲ್ಯಾಪ್‌ಟಾಪಿನಲ್ಲಿ ಹೊಸ ಆಟ ತೆರೆದಿದ್ದಳು. ಕೋಟೆ, ಕಾಡು, ಮಂತ್ರಗಾರರು ಇರುವ ಆಟ. ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತೆ. ಆಡುವ ಮೊದಲು ನಾವು ಯಾರೆಂದು ಆರಿಸಬೇಕಂತೆ: ಅರಮನೆಯವಳು, ಊರಿನ ಕಮ್ಮಾರನ ಮಗಳು, ಇಲ್ಲವೇ ಕಡಲಾಚೆಯಿಂದ ಬಂದವಳು. ಅವಳ ಬೆರಳು ಕಡಲಾಚೆಯವಳ ಮೇಲಿತ್ತು.

"ಹೊರಗಿನವಳು ಯಾಕೆ ಮಗಾ? ಊರಿನವಳೇ ಆಗು. ಊರಿನವಳು ಅಂದ್ರೆ ಒಂದು ಬಲ ಇರ್ತದೆ."

"ಓಕೆ, ನಿನ್ನ ಚಾಯ್ಸ್," ಎಂದು ಕಮ್ಮಾರನ ಮಗಳನ್ನು ಒತ್ತಿದಳು.

ಸೇತುವೆ ದಾಟುವಷ್ಟರಲ್ಲಿ ಒಬ್ಬಳು ಮುದುಕಿ ಎದುರಾದಳು. ನಿನ್ನಜ್ಜಿ ಇದೇ ಕಲ್ಲಿನ ಮೇಲೆ ಕೂರುತ್ತಿದ್ದಳಲ್ಲ, ನಿನ್ನಪ್ಪನ ಕಾಲುನೋವು ಹೇಗಿದೆ ಎಂದೆಲ್ಲ ಪರದೆಯಲ್ಲಿ ಬರಹ ಮೂಡಿತು. ಮಗಳು ಕೊಡಬಹುದಾದ ಉತ್ತರವೂ ಕೆಳಗೇ ಇತ್ತು: ಹೌದಜ್ಜಿ, ಎಲ್ಲ ನೆನಪಿದೆ.

ಮಗಳು ಕೈ ತೆಗೆದಳು. "ಇವಳಿಗೆ ನನ್ನ ಫುಲ್ ಫ್ಯಾಮಿಲಿ ಗೊತ್ತು. ನಂಗೆ ಇವಳು ಯಾರಂತಲೇ ಗೊತ್ತಿಲ್ಲ. ಸುಳ್ಳು ಹೇಳಿದ ಹಾಗೆ ಆಗ್ತದೆ ಅಮ್ಮ. ಆಟದೊಳಗೆ ಹೋಗ್ಲಿಕ್ಕೇ ಆಗುದಿಲ್ಲ."

"ಆಟ ಅಲ್ವಾ, ಹೌದು ಅನ್ನು," ಎಂದೆ.

"ಅದೇ! ಮದುವೆ ಹಾಲ್‌ನಲ್ಲಿ ನೀನು ಹಿಂದಿನಿಂದ ಚಿವುಟಿ ಹೇಳುದು ಅದನ್ನೇ."

ದಂಟು ಕೈಯಲ್ಲೇ ಉಳಿಯಿತು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬ ದೊಡ್ಡಮ್ಮ ಅವಳ ಕೆನ್ನೆ ಹಿಡಿದು, "ನನ್ನ ಗುರ್ತ ಆಯ್ತಾ ಮಗಾ?" ಎಂದು ಕೇಳುತ್ತಾರೆ. ಇವಳು ಕಣ್ಣು ಕಣ್ಣು ಬಿಡುತ್ತಾಳೆ. ಕುವೈಟಿಗೆ ಹೋಗಿ ಮಗಳಿಗೆ ನೆಂಟರೇ ಗೊತ್ತಿಲ್ಲ ಎಂದಾರೆಂಬ ಹೆದರಿಕೆಗೆ ನಾನು ಅವಳ ಸೊಂಟ ಚಿವುಟಿ, ಹೌದು ಎಂದು ಹೇಳಿಸುತ್ತೇನೆ. ಆಮೇಲೆ ಅವಳು ಊಟ ಮುಗಿಯುವ ತನಕ ಆ ದೊಡ್ಡಮ್ಮನ ಕಣ್ಣು ತಪ್ಪಿಸಿ ಅಡಗಿ ನಡೆಯುತ್ತಾಳೆ. ನಾಚಿಕೆ ಸ್ವಭಾವ ಎಂದುಕೊಂಡಿದ್ದೆ. ದೇವರೇ, ದಿನವೂ ಕೈಮುಗಿಯುವ ನಾನೇ ಮಗುವಿಗೆ ಸುಳ್ಳು ಕಲಿಸಿದ್ದೆ.

"ತೆಗಿ ಅದನ್ನು. ಕಡಲಾಚೆಯವಳೇ ಆಗು," ಎಂದೆ.

ಮತ್ತೆ ಅದೇ ಸೇತುವೆ, ಅದೇ ಮುದುಕಿ. ಈ ಸಲ ಅವಳು, ಎಲ್ಲಿಂದ ಬಂದೆ, ಊಟ ಆಯಿತೇ ಎಂದು ಕೇಳಿದಳು. ಮಗಳು ಇದು ಯಾವ ನದಿ, ಗುಡಿ ಯಾರದು, ರಾತ್ರಿ ಕಾಡಿಗೆ ಯಾಕೆ ಹೋಗಬಾರದು ಎಂದು ಒಂದೊಂದೇ ಪ್ರಶ್ನೆ ಒತ್ತುತ್ತಾ ಹೋದಳು. ಹೇಳುವುದೆಂದರೆ ಮುದುಕಿಗೂ ಖುಷಿ ಇದ್ದ ಹಾಗಿತ್ತು. ಮಗಳು ಮುಂದೆ ಬಾಗಿ ಕುಳಿತಿದ್ದಳು; ನಾನು ಎರಡು ಸಲ ಕರೆದರೂ ಕೇಳಿಸಲಿಲ್ಲ. ನನಗೂ ಕಾಡಿನಲ್ಲಿ ಎಂತ ಉಂಟು ನೋಡಬೇಕೆನಿಸಿತು. ಅಡುಗೆ ತಡವಾಯಿತು.

ಎರಡು ಗಂಟೆಗೆ ಅವಳೇ ಅಡುಗೆಮನೆಗೆ ಬಂದಳು.

"ಮಂಗಳೂರಿಗೆ ಹೋಗ್ತೇನೆ. ಬಟ್ ಹೊರಗಿನವಳಾಗಿ. ಗುರ್ತ ಇಲ್ಲದಿದ್ರೆ ಇಲ್ಲ ಅಂತಲೇ ಹೇಳುದು. ನೀನು ಚಿವುಟ್ಬಾರ್ದು."

"ಇಲ್ಲ ಅನ್ನು. ನೀವು ಯಾರು ಅಂತ ಕೇಳು. ಅವರಿಗೂ ಹೇಳ್ಲಿಕ್ಕೆ ಖುಷಿಯೇ."

"ಪ್ರಾಮಿಸ್?"

"ದೇವರಾಣೆ."

ತಮ್ಮನಿಗೆ ಫೋನ್ ಮಾಡಿ ಬರುತ್ತಾಳೆ ಎಂದೆ, ಅವಳ ಷರತ್ತನ್ನೂ ಹೇಳಿದೆ. ಅವನು ಜೋರಾಗಿ ನಕ್ಕ. "ಹೊರಗಿನವಳಾ? ಹಾಗಾದ್ರೆ ಕುವೈಟಿನ ಹಾಗೆ ಇಕಾಮಾ ಪರ್ಮಿಟ್ ತೋರಿಸಿಯೇ ನಮ್ಮ ಮನೆಯೊಳಗೆ ಬರ್ಲಿಕ್ಕೆ ಹೇಳು!" ಪಕ್ಕದಲ್ಲಿದ್ದ ಮಗಳು, "ಮಾಮ, ನೀವೇ ನನ್ನ ಕಫೀಲ್, ನೀವೇ ನಂಗೆ ಜಾಮೀನು!" ಎಂದು ಕೂಗಿದಳು. ಸೀಟಿನ ಸುದ್ದಿ ಬಂದ ಮೇಲೆ ಅವಳು ನಕ್ಕದ್ದು ಆಗಲೇ.

ಹೊರಗೆ ಧೂಳು ಗಾಳಿ ಎದ್ದಿತ್ತು. ಬಾಲ್ಕನಿಯ ಬಟ್ಟೆಗಳನ್ನು ಒಳಗೆ ಎಳೆದುಕೊಂಡು ಕೊಡವಿ ಮಡಚತೊಡಗಿದೆ.