ವೆಲಿಮಿರ್ ಸತ್ತ ಸಿನಿಮಾಗಳು

ಜರ್ಮನಿಯ ಫೊಯರ್‌ಬಾಕ್‌ನಲ್ಲಿ ನಮ್ಮ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ವೆಲಿಮಿರ್ ಎಪ್ಪತ್ತು ದಾಟಿದವರು. ಯಾವ ದೇಶವೆಂದರೆ ಯುಗೊಸ್ಲಾವಿಯ ಎನ್ನುತ್ತಾರೆ. "ಆ ದೇಶ ಈಗಿಲ್ವಲ್ಲ ಅಂಕಲ್," ಎಂದ ನನ್ನ ರೂಮ್‌ಮೇಟ್ ಸ್ವರೂಪ್. "ನಾನಿದ್ದೀನಲ್ಲ," ಎಂದರು ಹೀಟರ್ ರಿಪೇರಿ ಮಾಡುತ್ತ. ನಲ್ಲಿ ಸೋರಿದರೂ ಬಸ್ ತಡವಾದರೂ, ತಮ್ಮ ಸಮಾಜವಾದದಲ್ಲಿ ಹೀಗಿರಲಿಲ್ಲ ಎಂಬುದು ಅವರ ಖಾಯಂ ಮಾತು. ಅದನ್ನು ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದರೆ ಮಾತ್ರ ಅವರಿಗೆ ಕಿವಿ ಕೇಳಿಸುವುದಿಲ್ಲ. ಭಾನುವಾರ ನಮ್ಮನ್ನು ಕೂರಿಸಿಕೊಂಡು ಎರಡನೇ ಮಹಾಯುದ್ಧದಲ್ಲಿ ಜರ್ಮನರನ್ನು ಸೋಲಿಸಿದ ಕಥೆಯ, ಆ ನಾಡಿನ ಹಳೆಯ ಯುದ್ಧಚಿತ್ರಗಳನ್ನು ತೋರಿಸುತ್ತಾರೆ. ಕಡ್ಡಾಯ ಸೈನ್ಯಸೇವೆಯಲ್ಲಿದ್ದಾಗ ಇವರ ತುಕಡಿಯನ್ನೇ ಶೂಟಿಂಗಿಗೆ ಕಳಿಸುತ್ತಿದ್ದರಂತೆ. ಇವರಿಗೆ ಸದಾ ಜರ್ಮನ್ ಸೈನಿಕನ ಪಾತ್ರ, ಹಾಗಾಗಿ ಪ್ರತಿ ಚಿತ್ರದಲ್ಲೂ ಸಾವು. "ಅದೇ ನನ್ನ ಮೊದಲ ಜರ್ಮನ್ ನೌಕರಿ," ಎಂದು ನಗುತ್ತಾರೆ. ಹೆಣಗಳ ರಾಶಿ ಬಂದಾಗ ಚಿತ್ರ ನಿಲ್ಲಿಸಿ, ಪರದೆಗೆ ಬೆರಳಿಟ್ಟು ಗೆಳೆಯರನ್ನು ತೋರಿಸುತ್ತಾರೆ: ಇವನು ಸರ್ಬ, ಇವನು ಕ್ರೊಯಾಟ್. "ಯಾರು ಯಾವ ಜನಾಂಗ ಅಂತ ಆಗ ಯಾರೂ ಕೇಳ್ತಿರ್ಲಿಲ್ಲ. ಶಾಟ್ ಮುಗಿದ ಕೂಡ್ಲೆ ಹೆಣಗಳೆಲ್ಲ ಎದ್ದು ಊಟಕ್ಕೆ ಓಡ್ತಿದ್ವಿ," ಎಂದರು ಒಮ್ಮೆ. "ಆಮೇಲೆ?" ಎಂದ ಸ್ವರೂಪ್. "ಆಮೇಲೆ ದೇಶ ಒಡೀತು, ನಿಜವಾದ ಯುದ್ಧ ಬಂತು. ಇವರಿಬ್ಬರೂ ಎದುರುಬದುರು ನಿಂತು ಸತ್ರು." ಅಂದಿನಿಂದ, ಆ ದೃಶ್ಯದ ಮೇಲೆ ಚಿತ್ರ ಎಷ್ಟು ಹೊತ್ತು ನಿಂತಿದ್ದರೂ ಸ್ವರೂಪ್ ಮೊದಲಿನಂತೆ ಮುಂದೆ ಓಡಿಸಲು ರಿಮೋಟ್ ಕೇಳುವುದಿಲ್ಲ.