ಮಿಕ್ಸರ್ ಅಕ್ಕ ಮತ್ತು ಸೇತುವೆಯ ಇಳಿಜಾರು

ಮನೆ ಕಟ್ಟಿಸುವವರೆಲ್ಲ ಅವಳನ್ನು ಮಿಕ್ಸರ್ ಅಕ್ಕ ಎನ್ನುತ್ತಿದ್ದರು. ಗಂಡ ಬಿಟ್ಟುಹೋದ ಕಾಂಕ್ರೀಟ್ ಮಿಕ್ಸರ್ ಒಂದೇ ಅವಳ ಆಸ್ತಿ. ಎರಡು ಗಾಲಿಯ, ಹೊಟ್ಟೆ ಉಬ್ಬಿದ ಯಂತ್ರ. ಅದನ್ನು ಸೈಟಿನಿಂದ ಸೈಟಿಗೆ ಎಳೆದೊಯ್ಯುತ್ತಿದ್ದ ಹಳೆಯ ಜೀಪು ಒಂದು ದಿನ ನಡುರಸ್ತೆಯಲ್ಲೇ ಪ್ರಾಣ ಬಿಟ್ಟಿತು.

ಶೋರೂಮಿಗೆ ಹೋಗಿ ಕೇಳಿದಳು. ಸೇಲ್ಸ್‌ನ ಹುಡುಗಿ ಸಣ್ಣ ಕಾರಿನ ಬಾಗಿಲು ತೆರೆದು ತೋರಿಸಿದಳು.

"ಇದರ ಹಿಂದೆ ಮಿಕ್ಸರ್ ಕಟ್ಟಬಹುದಾ?"

"ಅಯ್ಯೋ, ಬೇಡ ಮೇಡಂ. ಎಳೆಯೋಕೆ ಅಂದ್ರೆ ಆ ಕಡೆ ಇರೋ ದೊಡ್ಡದು."

"ಅದನ್ನ ತಗೋಬೇಕಂದ್ರೆ ಮನೆ ಮಾರ್ಬೇಕು. ಮಾರಿದ್ರೂ ನಮ್ಮ ಗಲ್ಲೀಲಿ ಅದು ತಿರುಗಲ್ಲ. ಚಿಕ್ಕದಾಗಿದ್ದು ಗಟ್ಟಿಯಾಗಿರೋದು ಒಂದೂ ಇಲ್ವಾ?"

"ಈಗ ಯಾರೂ ಅಂಥದ್ದು ಮಾಡ್ತಿಲ್ಲ ಮೇಡಂ."

ಉಳಿದವನು ಊರವರು ಮೀಸೆ ಎಂದು ಕರೆಯುತ್ತಿದ್ದ ಬಾಡಿಗೆ ಗಾಡಿಯವನು ಒಬ್ಬನೇ. ಅವನ ಬಳಿ ದೊಡ್ಡ ಪಿಕಪ್ ಇತ್ತು, ಸ್ವಂತದ ಎರಡು ಮಿಕ್ಸರ್‌ಗಳೂ ಇದ್ದವು. ಮಿಕ್ಸರ್ ಎಳೆಯಲು ಅಕ್ಕ ಕರೆದಾಗ ಬರುತ್ತೇನೆಂದು ಹೇಳಿ ಬರುತ್ತಿರಲಿಲ್ಲ. ಮೇಸ್ತ್ರಿಗಳು ಕಾದು ಕಾದು ಬೇಸತ್ತು ಅವನ ಮಿಕ್ಸರನ್ನೇ ತರಿಸಿಕೊಳ್ಳುತ್ತಿದ್ದರು. ಒಂದು ಸಲ ಅವಳು ಜಗಳಕ್ಕೆ ಹೋದಾಗ ಕೊರಳಪಟ್ಟಿ ಹಿಡಿದು ಮರಳಿನ ರಾಶಿಗೆ ನೂಕಿದ.

ಅವಳ ತಮ್ಮ ವೆಲ್ಡರ್. ಅಕ್ಕನ ಕೂದಲಲ್ಲಿದ್ದ ಮರಳು ನೋಡಿದವನೇ, ಯಾರೋ ಮಾರುತ್ತಿದ್ದ ಹಳೆಯ ಪುಟ್ಟ ಕಾರನ್ನು ತಂದು, ಹಿಂದೆ ಕಬ್ಬಿಣದ ಕೊಂಡಿ ಬೆಸೆದ.

"ಸಮ ರಸ್ತೇಲಿ ಎಳೆಯುತ್ತೆ. ಇಳಿಜಾರಲ್ಲಿ ಮಾತ್ರ ಮಿಕ್ಸರೇ ನಮ್ಮನ್ನ ತಳ್ಳುತ್ತೆ, ಅಕ್ಕ. ನಿಧಾನ."

ಸೇತುವೆಯ ಇಳಿಜಾರಿನಲ್ಲಿ ಅದು ನಿಜಕ್ಕೂ ತಳ್ಳಿತು. ಅಕ್ಕ ಬ್ರೇಕ್ ತುಳಿದದ್ದೇ ತಡ, ಕಾರಿನ ಹಿಂಭಾಗ ಮೇಲಕ್ಕೆ ಎದ್ದು ಪಕ್ಕಕ್ಕೆ ಹೊರಳಿತು. ತಮ್ಮ ಕೂತಿದ್ದ ಕಡೆಯ ಮೂತಿ ತಡೆಗೋಡೆಗೆ ಅಪ್ಪಳಿಸಿತು. ಮಿಕ್ಸರ್ ಕೊಂಡಿ ಕಿತ್ತುಕೊಂಡು ಬಂದು ಅವನ ಕಡೆಯ ಬಾಗಿಲನ್ನು ಒಳಕ್ಕೆ ಜಜ್ಜಿತು. ಅವಳ ಬಾಯಿ ಸ್ಟೀರಿಂಗಿಗೆ ಬಡಿದು ಮುಂದಿನ ಹಲ್ಲು ಮುರಿಯಿತು. ತಮ್ಮ ಕಿರುಚುತ್ತಿದ್ದ. ಅವನ ಮೊಣಕಾಲಿನ ಕೆಳಗೆ ತಗಡು ಯಾವುದು, ಮಾಂಸ ಯಾವುದು ಎಂದು ತಿಳಿಯುವಂತಿರಲಿಲ್ಲ.

ಅಕ್ಕ ಕಾರಿನಲ್ಲಿದ್ದ ಹಾರೆ ಹಾಕಿ ಬಾಗಿಲು ಮೀಟಿ ಅವನನ್ನು ಹೊರಗೆ ಎಳೆದುಕೊಳ್ಳುವ ಹೊತ್ತಿಗೆ ಹಿಂದೆ ಮೀಸೆಯ ಪಿಕಪ್ ಬಂದು ನಿಂತಿತು.

"ಅಣ್ಣಾ, ಆಸ್ಪತ್ರೆಗೆ ಬಿಡಪ್ಪಾ, ಕಾಲಿಗೆ ಬೀಳ್ತೀನಿ."

ಮೀಸೆ ಇಣುಕಿ ನೋಡಿದ. "ಗಾಡಿಯೆಲ್ಲ ರಕ್ತ ಆಗುತ್ತೆ. ಆಂಬುಲೆನ್ಸ್‌ಗೆ ಫೋನ್ ಮಾಡು. ನನ್ನನ್ನ ಕರೆದಿದ್ರೆ ಹಿಂಗಾಗ್ತಿತ್ತಾ?"

ಅಕ್ಕ ಮಿಕ್ಸರಿನ ಪಕ್ಕ ಬಿದ್ದಿದ್ದ ಸಲಿಕೆ ಎತ್ತಿಕೊಂಡಳು. ಮೊದಲ ಏಟಿಗೆ ಪಿಕಪ್ಪಿನ ಗಾಜು ಪುಡಿಯಾಯಿತು. ಎರಡನೆಯದು ಕೆಳಗಿಳಿದ ಮೀಸೆಯ ಭುಜಕ್ಕೆ ಬಿತ್ತು. ಅವನು ಸಲಿಕೆ ಕಿತ್ತುಕೊಂಡು ಅವಳನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅವಳು ಅವನ ಪಾದಕ್ಕೆ ಹಲ್ಲೂರಿ ಬಿಡಲೇ ಇಲ್ಲ. ಕೆಳಗಿನ ಸೈಟಿನಿಂದ ಗಾರೆಯವರು ಓಡಿಬಂದು ಮೀಸೆಯನ್ನು ನಾಲ್ಕು ತದುಕಿ, ಕೀಲಿ ಕಸಿದು, ತಮ್ಮನನ್ನು ಅದೇ ಪಿಕಪ್ಪಿನಲ್ಲಿ ಮಲಗಿಸಿಕೊಂಡು ಹೊರಟರು.

ಕಾಲು ಉಳಿಯಲಿಲ್ಲ. ಜೀವ ಉಳಿಯಿತು.

ಪೊಲೀಸ್ ಠಾಣೆಯಲ್ಲಿ ಇಬ್ಬರೂ ದೂರು ಕೊಟ್ಟಿದ್ದರು. ಸಾಹೇಬರು ರಾಜಿ ಮಾಡಿಸಲು ನೋಡಿದರು. "ಸಾರಿ ಅಂದ್ಬಿಡಮ್ಮ, ಮುಗಿದುಹೋಗ್ಲಿ."

ಪಕ್ಕೆ ಹಿಡಿದುಕೊಂಡೇ ಅಕ್ಕ ಹೇಳಿದಳು: "ಬೇಕಾದ್ರೆ ಆ ಗಾಜಿಗೆ ಹೇಳ್ತೀನಿ ಸಾರ್. ಇವನಿಗಲ್ಲ."

ಮನೆಯಲ್ಲಿ ತಮ್ಮ ಗೋಡೆಯತ್ತ ಮುಖಮಾಡಿ ಮಲಗಿರುತ್ತಿದ್ದ. ಊಟದ ತಟ್ಟೆ ಇಟ್ಟರೆ ಎಸೆಯುತ್ತಿದ್ದ. ಅಕ್ಕ ಅನ್ನ ಬಳಿದು ತೆಗೆದು ಮತ್ತೆ ಬಡಿಸುತ್ತಿದ್ದಳು. ಒಂದು ಬೆಳಗ್ಗೆ ಊರುಗೋಲು ಊರಿಕೊಂಡು ಶೆಡ್ಡಿಗೆ ಹೋದವನು, ನೆಗ್ಗಿದ ಮಿಕ್ಸರಿನ ಮುಂದೆ ಕೂತ. ಎಷ್ಟೋ ಸಲ ಬೆಸೆದು, ಕಿತ್ತು, ಕಡೆಗೆ ಅದಕ್ಕೇ ಒಂದು ಬ್ರೇಕ್ ಕೂರಿಸಿದ. ಎಳೆಯುವ ಗಾಡಿ ನಿಧಾನವಾದರೆ, ಮುಂದಕ್ಕೆ ಒತ್ತುವ ಮಿಕ್ಸರಿನ ಭಾರವೇ ಅದರ ಗಾಲಿಗಳನ್ನು ಬಿಗಿಯುತ್ತಿತ್ತು. ಅಕ್ಕ ಹಳೆಯ ಪುಟ್ಟ ಟ್ರ್ಯಾಕ್ಟರ್ ಹುಡುಕಿ ತಂದಳು. ಸೇತುವೆಯ ಇಳಿಜಾರನ್ನು ಬೆವರುತ್ತಾ ಇಳಿದಳು. ಮಿಕ್ಸರ್ ತಳ್ಳಲಿಲ್ಲ.

ಸುದ್ದಿ ಹರಡಿ, ಊರಿನ ಜನರೇಟರ್, ಕಂಪ್ರೆಸರ್‌ಗಳೆಲ್ಲ ಬ್ರೇಕ್ ಹಾಕಿಸಿಕೊಳ್ಳಲು ಶೆಡ್ಡಿಗೆ ಬಂದವು. ಒಂದು ದಿನ ಯಾರೋ ಮೀಸೆಯ ಮಿಕ್ಸರನ್ನೂ ತಂದು ನಿಲ್ಲಿಸಿದರು.

"ಸುಟ್ಟುಹಾಕು ಅದನ್ನ!" ಅಕ್ಕ ಸುತ್ತಿಗೆ ಬೀಸಿ ಎಸೆದಳು. ಅದು ಡ್ರಮ್ಮಿಗೆ ತಗುಲಿ ಇಡೀ ಶೆಡ್ಡು ಗಂಯ್ ಎಂದಿತು.

"ಇಳಿಜಾರಲ್ಲಿ ಇದು ತಳ್ಳಿದ್ರೆ, ಅವನ ಮುಂದೆ ಹೋಗೋರು ಯಾರೋ ಏನೋ," ಎಂದ ತಮ್ಮ.

ಅಕ್ಕ ಬೈಯುತ್ತಾ ಹೊರಗೆ ಹೋದಳು. ಅವನು ಕಪ್ಪು ಕನ್ನಡಕ ಕಣ್ಣಿಗೆ ಇಳಿಸಿಕೊಂಡು ಆ ಮಿಕ್ಸರಿನ ಕೆಲಸಕ್ಕೆ ಬಗ್ಗಿದ.